ಏರು ಶ್ರುತಿಯ ಭಜನೆ

ನನ್ನ ಬಾಯಿ ಕೆಟ್ಟದ್ದು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕ್ಯಾಲನೂರಿನಲ್ಲಿ ಯಾರನ್ನು ಕೇಳಿದರೂ ಅವರೇ ಹೇಳುತ್ತಾರೆ. ಮೂವತ್ತೆರಡು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿದವನು ನಾನು, ಹೆಸರು ಕದಿರೇಶ. ಕಂಬದ ಮೇಲಿಂದ ಬೈದರೆ ಕೆಳಗಿದ್ದವರಿಗೆ ಕೇಳಬೇಕಲ್ಲ, ಹಾಗಾಗಿ ಗಂಟಲು ದೊಡ್ಡದಾಯಿತು. ರಿಟೈರ್ ಆದ ಮೇಲಾದರೂ ಸಣ್ಣದಾಯಿತೇ ಅಂದರೆ ಅದೂ ಇಲ್ಲ. ಈ ಬಾಯಿಯಿಂದಲೇ ನಾನು ಒಬ್ಬ ಹಾಡುವವನ ಬಾಯಿ ಮುಚ್ಚಿಸಿದೆ.

ನಮ್ಮೂರ ರಾಮಮಂದಿರದ ಭಜನೆ ತಂಡದಲ್ಲಿ ಹಾರ್ಮೋನಿಯಂ ನನ್ನದು. ತಂಡ ಕಟ್ಟಿದವರು ಕೋದಂಡರಾಮಪ್ಪನವರು. ರಾಗಿ, ಹಿಪ್ಪುನೇರಳೆ ಬೆಳೆದುಕೊಂಡಿದ್ದ ಮನುಷ್ಯ. ಕನ್ನಡದಲ್ಲೂ ಹಾಡುತ್ತಿದ್ದರು, ತೆಲುಗಿನಲ್ಲೂ ಹಾಡುತ್ತಿದ್ದರು. ಕೈಯಲ್ಲಿ ಒಂದು ಏಕತಾರಿ, ಅಷ್ಟೇ. ಅವರನ್ನು ನಾವೆಲ್ಲ ಗುರುಗಳು ಅಂತಲೇ ಕರೆಯುತ್ತಿದ್ದೆವು. ಅವರು ತೀರಿಕೊಂಡು ಇಪ್ಪತ್ತೇಳು ವರ್ಷವಾಯಿತು. ಅವರ ದನಿ ಅಂತ ಉಳಿದದ್ದು ಒಂದೇ ಒಂದು ಕ್ಯಾಸೆಟ್ಟು. ತೀರಿಕೊಳ್ಳುವ ಹಿಂದಿನ ಧನುರ್ಮಾಸದಲ್ಲಿ, ಬೆಳಗಿನ ಭಜನೆಯ ಹೊತ್ತಿನಲ್ಲಿ, ನಾನೇ ರೆಕಾರ್ಡ್ ಮಾಡಿದ್ದು.

ಅವರು ಹೋದ ಮೇಲೆ ತಂಡ ನಿಂತುಹೋಗಬಾರದು ಅಂತ ನಾನು ಹಾರ್ಮೋನಿಯಂ ತಂದೆ. ಆ ಕ್ಯಾಸೆಟ್ಟನ್ನು ಹಾಕಿ ಹಾಕಿ ಕೇಳಿ ಪ್ರತಿ ಹಾಡಿನ ಶ್ರುತಿ ಹಿಡಿದೆ. ಹಾರ್ಮೋನಿಯಂನ ಒಂದೊಂದು ಪಟ್ಟಿಗೂ ನಾವು ಮನೆ ಅನ್ನುತ್ತೇವೆ, ಬಿಳಿಯದಾದರೆ ಪೂರ್ತಿ ಮನೆ, ಕರಿಯದಾದರೆ ಅರ್ಧ. ಮನೆ ಏರಿದಷ್ಟೂ ಗಂಟಲು ಮೇಲಕ್ಕೆ ಹೋಗಬೇಕು. ಕ್ಯಾಸೆಟ್ಟಿನಲ್ಲಿ ಗುರುಗಳ ಮೊದಲ ಹಾಡು ಎರಡೂವರೆ ಮನೆಯಲ್ಲಿತ್ತು. ನಡುವಿನ ಹಾಡುಗಳಿಗೆ ಬರುವಷ್ಟರಲ್ಲಿ ಮೂರು. ಕೊನೆಯ ಹಾಡು ನಾಲ್ಕು ಮನೆ! ಹಾಡಿನ ಓಟವೂ ಅದರ ಜೊತೆಗೇ ಏರುತ್ತಿತ್ತು. ಭಕ್ತಿ ಏರಿದ ಹಾಗೆ ಗುರುಗಳು ಶ್ರುತಿ ಏರಿಸುತ್ತಿದ್ದರು ಅಂತ ನಾನು ತಂಡಕ್ಕೆ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ಮಾಲೂರು, ಶ್ರೀನಿವಾಸಪುರದ ಕಡೆಯೆಲ್ಲ "ಕ್ಯಾಲನೂರಿನವರು ಏರು ಶ್ರುತಿಯವರು" ಅಂತ ಹೆಸರಾಯಿತು. ನನಗೆ ಆ ಹೆಸರಿನ ಮೇಲೆ ಬಹಳ ಜಂಬ.

ಗುರುಗಳ ಜೊತೆ ಹಾಡಿದ್ದ ಹಳಬರು ಒಬ್ಬಿಬ್ಬರು ಗೊಣಗಿದ್ದುಂಟು. "ಲೇ ಕದಿರೇಶಾ, ಮೊದ್ಲು ಇಷ್ಟು ಕಷ್ಟ ಇರ್ಲಿಲ್ಲ ಕಣೋ" ಅಂತ. "ಮೊದ್ಲು ನಿಂಗೆ ಹಲ್ಲೂ ಇತ್ತು" ಅಂದು ಸುಮ್ಮನಾಗಿಸಿದ್ದೆ.

ಗುರುಗಳ ಮಗ ಮುರಳಿಮೋಹನ್. ಅಪ್ಪ ಹೋದಾಗ ಹತ್ತೊಂಬತ್ತರ ಹುಡುಗ. ಈಗ ವೇಮಗಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸ, ಮನೆಯಲ್ಲಿ ಎರಡು ಹಸು. ಅಪ್ಪನ ಹಾಗೆ ಹಾಡಬೇಕು ಅನ್ನುವುದು ಬಿಟ್ಟರೆ ಅವನಿಗೆ ಬೇರೆ ಆಸೆ ಇದ್ದದ್ದನ್ನು ನಾನು ನೋಡಿಲ್ಲ. ಮೊದಲ ಹಾಡನ್ನು ಹೇಗೋ ದಾಟಿಸುತ್ತಿದ್ದ. ನಾಲ್ಕು ಮನೆಗೆ ಬಂದರೆ ಕತ್ತಿನ ನರ ಉಬ್ಬುತ್ತಿತ್ತು, ಮುಖ ಕೆಂಪಾಗುತ್ತಿತ್ತು. "ಅಣ್ಣಾ, ಒಂದರ್ಧ ಮನೆ ಇಳಿಸ್ಕೊಳ್ಳೋಣ" ಅಂತ ಎಷ್ಟೋ ಸಲ ಕೇಳಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂತ ನಾನು ನಗಾಡಿದೆ. ನಾಲ್ಕು ವರ್ಷದ ಹಿಂದೆ ಮುಳಬಾಗಿಲಿನಲ್ಲಿ ಭಜನೆ ಸ್ಪರ್ಧೆ. ಕೊನೆಯ ಹಾಡಿನಲ್ಲಿ ಅವನ ದನಿ ಒಡೆದುಹೋಯಿತು. ಜನ ನಕ್ಕರು. ನನಗೆ ಎಲ್ಲಿತ್ತೋ ಕೋಪ, ಮೈಕು ಮುಂದಿದೆ ಅನ್ನುವುದನ್ನೂ ನೋಡದೆ ಅಂದುಬಿಟ್ಟೆ: "ನಿಮ್ಮಪ್ಪನ ಕಂಠ ನಿಂಗೆ ಬಂದಿಲ್ಲ ಕಣೋ. ಅವ್ರ ಹೆಸ್ರು ಹೇಳ್ಕೊಂಡು ಇನ್ಮೇಲೆ ಮುಂದೆ ಕೂರ್ಬೇಡ."

ಮುರಳಿ ಕೂರಲಿಲ್ಲ. ಆ ವರ್ಷ ಹಿಂದೆ ನಿಂತು ತಾಳ ಹಾಕಿದ. ಮುಂದಿನ ವರ್ಷದಿಂದ ಮಂದಿರಕ್ಕೇ ಬರಲಿಲ್ಲ. ಹಾಲು ಕರೆಯುವಾಗಲೂ ಅವನು ಗುನುಗುವುದನ್ನು ಬಿಟ್ಟ ಅಂತ ಅವನ ಅಮ್ಮ ಹೇಳಿದ್ದನ್ನು ನನ್ನ ಹೆಂಡತಿ ನನಗೆ ಹೇಳಿದಳು. ಕೇಳಿಸದವನ ಹಾಗೆ ಪೇಪರ್ ಓದಿದೆ.

ಹೋದ ಡಿಸೆಂಬರಿನ ಮೊದಲ ವಾರ. ಧನುರ್ಮಾಸಕ್ಕೆ ಇನ್ನು ಹನ್ನೆರಡು ದಿನ. ನಾವು ಮನೆ ಮುಂದೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು, ನಾನು ಮತ್ತು ನನ್ನ ಸೊಸೆ ಪದ್ಮಶ್ರೀ. ಮುರಳಿಯ ಅಮ್ಮ ಮುನಿಗಂಗಮ್ಮ ಕೋಲೂರಿಕೊಂಡು ಬಂದರು. ಎಂಬತ್ತೊಂದು ವರ್ಷ, ಬೀದಿಯ ಆ ತುದಿಯಿಂದ ಈ ತುದಿಗೆ ಬರಲು ಎರಡು ಕಡೆ ಕೂತು ಎದ್ದಿರಬೇಕು.

"ಏಮಪ್ಪಾ ಕದಿರೇಶಾ" ಅಂದರು. "ಬರೋ ವರ್ಷದ ಧನುರ್ಮಾಸಕ್ಕೆ ನಾನು ಇರ್ತೀನೋ ಇಲ್ವೋ ಗೊತ್ತಿಲ್ಲ. ನನ್ನ ಮಗನ ಬಾಯಲ್ಲಿ ಒಂದು ಹಾಡು ಕೇಳ್ಬೇಕು. ನೀನು ಕರೆದ್ರೆ ಬತ್ತಾನೆ."

"ಬರ್ಲಿ ಅಮ್ಮಾ, ಯಾರು ಬೇಡ ಅಂದ್ರು? ಶ್ರುತಿಗೆ ಸೇರ್ಸಿ ಹಾಡ್ಲಿ, ಅಷ್ಟೇ."

"ಆ ಶ್ರುತಿ ಒಂಚೂರು ಇಳಿಸ್ಕೋಬಾರ್ದಾ?"

"ನಿಮ್ಮ ಯಜಮಾನ್ರು ಇಟ್ಟ ಶ್ರುತಿ ಅದು! ಕ್ಯಾಸೆಟ್ ಕೇಳಿ ಬೇಕಾದ್ರೆ."

ಮುನಿಗಂಗಮ್ಮ ತಲೆಯಾಡಿಸಿದರು. "ಆ ಕ್ಯಾಸೆಟ್ ನಾನು ಕೇಳಲ್ಲಪ್ಪಾ. ಅದು ಅವ್ರ ದನಿ ಅಲ್ಲ. ಯಾರೋ ಹುಡುಗನ ದನಿ."

ವಯಸ್ಸಾಯಿತು, ಪಾಪ, ಗಂಡನ ದನಿಯೂ ಮರೆತಿದೆ ಅಂದುಕೊಂಡೆ. ಅವರಿಗೆ ಕಾಫಿ ಕೊಡಿಸಿ ಕಳಿಸಿದೆ. ಹೋಗುವಾಗ ಅವರು ಬಾಗಿಲ ಚೌಕಟ್ಟು ಹಿಡಿದು ಒಂದು ನಿಮಿಷ ನಿಂತರು, ನಾನು ಇನ್ನೇನಾದರೂ ಹೇಳುತ್ತೇನೇನೋ ಅಂತ. ನಾನು ಅವರೆಕಾಯಿ ಸುಲಿದೆ.

ಅವರು ಹೋದ ಮೇಲೆ ಪದ್ಮಶ್ರೀ ಅಂದಳು: "ಮಾವ, ಆ ಕ್ಯಾಸೆಟ್ ಒಂದ್ವಾರ ನಂಗೆ ಕೊಡ್ತೀರಾ?"

ಅವಳು ಟೇಕಲ್ ಕಡೆಯ ಹುಡುಗಿ. ಕೋಲಾರದ ಹತ್ತಿರದ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಾಳೆ. ಆ ವರ್ಷ ಹೊಸ ಪಾಠವೊಂದನ್ನು ಶುರು ಮಾಡಿದ್ದಳು: ಹಾಡನ್ನು ಕಂಪ್ಯೂಟರಿಗೆ ಕೊಟ್ಟು, ಅದರೊಳಗಿನ ಸ್ವರ, ತಾಳ, ಗದ್ದಲ ಎಲ್ಲವನ್ನೂ ಗೆರೆಗಳಾಗಿ ನೋಡುವುದು, ಅಳೆಯುವುದು, ಬೇಡದ್ದನ್ನು ತೆಗೆಯುವುದು. ಅದಕ್ಕೆ ಬೇಕಾದ ಸಾಫ್ಟ್‌ವೇರು ಪುಕ್ಕಟೆ. ಪಾಠದ ಪುಟಗಳೂ ಪುಕ್ಕಟೆ. ಯಾವ್ಯಾವುದೋ ದೇಶದ ಮೇಷ್ಟರುಗಳು ಕೂಡಿ ಬರೆದು, ಯಾರು ಬೇಕಾದರೂ ತೆಗೆದುಕೊಳ್ಳಿ, ತಪ್ಪಿದ್ದರೆ ತಿದ್ದಿ ಅಂತ ಬಿಟ್ಟಿದ್ದಾರಂತೆ. "ಅದ್ರಲ್ಲಿ ಇರೋದೆಲ್ಲ ಪಿಯಾನೋ, ಪಿಟೀಲು ಮಾವ. ಮಕ್ಕಳಿಗೆ ನಮ್ಮ ಕಡೆ ಹಾಡು ಕೊಟ್ರೆ ಕಣ್ಣು ಬಿಟ್ಕೊಂಡು ಕೂರ್ತಾರೆ" ಅಂದಳು.

ನನಗೆ ಒಂದು ಯೋಚನೆ ಹೊಳೆಯಿತು. "ಶ್ರುತಿ ಎಷ್ಟು ಅಂತ ಅದು ಹೇಳುತ್ತಾ?"

"ಹೇಳುತ್ತೆ."

"ಸರಿ, ತಗೊಂಡು ಹೋಗು. ಕೊನೇ ಹಾಡು ನಾಲ್ಕು ಮನೆ ಅಂತ ಪ್ರಿಂಟ್ ತೆಗ್ದುಕೊಡು. ಮುರಳಿ ಕೈಗೆ ಕೊಡ್ತೀನಿ. ಆಮೇಲೆ ಯಾರೂ ನನ್ನ ಕೇಳ್ಬಾರ್ದು."

ಕ್ಯಾಸೆಟ್ಟನ್ನು ನಾನೇ ಒರೆಸಿ, ಡಬ್ಬಿಗೆ ಹಾಕಿ ಅವಳ ಬ್ಯಾಗಿನಲ್ಲಿಟ್ಟೆ. ಗೆದ್ದೆ ಅಂದುಕೊಂಡಿದ್ದೆ.

ಮುಂದಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವಳು ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟಳು. "ಮಾವ, ಬೈಬಾರ್ದು" ಅಂದಳು. ಮಾತು ಹೀಗೆ ಶುರುವಾದರೆ ಬೈಯುವ ವಿಷಯವೇ ಇರುತ್ತದೆ.

ಪರದೆಯ ತುಂಬ ಬಣ್ಣದ ಗೆರೆಗಳು. ಮೇಲೆ ಅಂಕುಡೊಂಕಾಗಿ ಓಡಾಡುವುದು ಗುರುಗಳ ದನಿ. ಅದು ಎಡದಿಂದ ಬಲಕ್ಕೆ ಮೇಲೇರುತ್ತಾ ಹೋಗಿತ್ತು. "ನೋಡಿದ್ಯಾ! ಏರು ಶ್ರುತಿ!" ಅಂದೆ. ಅವಳು ಕೆಳಗೆ ಬೆರಳಿಟ್ಟಳು. ಅಲ್ಲಿ ಇನ್ನೊಂದು ಸಣ್ಣ ಗೆರೆ, ದಾರದಂಥದ್ದು. ಅದೂ ಎಡದಿಂದ ಬಲಕ್ಕೆ ಏರುತ್ತಾ ಹೋಗಿತ್ತು.

"ನನ್ನ ಕ್ಲಾಸಲ್ಲಿ ರಂಜಿತ ಅಂತ ಒಬ್ಳು ಇದಾಳೆ, ಶ್ರೀನಿವಾಸಪುರದವ್ಳು. ಅವ್ಳು ಕೇಳಿದ್ಲು ಮಾವ: ಮೇಡಂ, ಹಾಡೋರು ಏರಿಸಿದ್ರು ಸರಿ, ಈ ಕೆಳಗಿನ ಗೆರೆ ಯಾಕೆ ಏರುತ್ತೆ, ಇದನ್ನ ಯಾರೂ ಹಾಡ್ತಿಲ್ಲವಲ್ಲ ಅಂತ. ನಂಗೂ ಉತ್ತರ ಗೊತ್ತಿರ್ಲಿಲ್ಲ. ಹಾಡನ್ನೆಲ್ಲ ತೆಗೆದು ಅದೊಂದನ್ನೇ ಕೇಳಿದ್ವಿ. ನೀವೂ ಕೇಳಿ."

ಗುಂಡಿ ಒತ್ತಿದಳು. ಗುಂಯ್ ಅಂತ ಒಂದು ದನಿ.

ಆ ದನಿ ನನಗೆ ಗೊತ್ತಿಲ್ಲವೇ! ಮೂವತ್ತೆರಡು ವರ್ಷ ಅದರ ಕೆಳಗೆ ನಿಂತು ಊಟ ಮಾಡಿದವನು ನಾನು. "ಇದು ಕರೆಂಟು" ಅಂದೆ. "ಮೈಕ್ ಸೆಟ್ಟಿನ ಗುಂಯ್. ಆವತ್ತು ಮಂದಿರದ ಮೈಕು ಬೆಳಗಿಂದ ಗುಂಯ್ ಅಂತಲೇ ಇತ್ತು."

"ಕರೆಂಟಿನ ಗುಂಯ್ ಎಷ್ಟಿರ್ಬೇಕು ಮಾವ?"

"ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಆಗುತ್ತೆ. ಗುಂಯ್ ಅದ್ರ ಎರಡರಷ್ಟು. ನೂರು. ಯಾವ ಲೈನ್‌ಮನ್‌ನ ಕೇಳಿದ್ರೂ ಹೇಳ್ತಾನೆ."

"ಇಲ್ಲಿ ಶುರುನಲ್ಲಿ ನೂರಾ ಆರು ಇದೆ. ಕೊನೇಲಿ ನೂರಿಪ್ಪತ್ತು."

ನನಗೆ ರೇಗಿತು. "ಸುಡುಗಾಡು ನಿನ್ನ ಸಾಫ್ಟ್‌ವೇರು! ಆ ಕಾಲದಲ್ಲಿ ಲೋಡು ಜಾಸ್ತಿಯಾಗಿ ಕೆಳಗೆ ಇಳಿದದ್ದು ಉಂಟು. ಏರೋದು ಎಲ್ಲಿ ಬಂತು? ಅಷ್ಟು ಏರಿದ್ರೆ ಇಡೀ ಸೀಮೆ ಕತ್ತಲಾಗ್ತಿತ್ತು. ಪುಕ್ಕಟೆ ಸಿಕ್ಕಿದ್ದು ಇನ್ನೇನು ಹೇಳುತ್ತೆ? ಸೀಲ್ ಹಾಕಿದ ಮೀಟರನ್ನೇ ಜನ ನಂಬಲ್ಲ, ನಿನ್ನ ಡಬ್ಬಿ ಒಳಗೆ ಏನಿದೆಯೋ ಯಾವನಿಗೆ ಗೊತ್ತು?"

"ಇದಕ್ಕೆ ಸೀಲಿಲ್ಲ ಮಾವ" ಅಂದಳು ಪದ್ಮಶ್ರೀ. ಕೋಪವಿಲ್ಲ, ನಗುವೂ ಇಲ್ಲ, ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದಳು. ಇನ್ನೊಂದು ಪುಟ ತೆರೆದಳು. ಇಂಗ್ಲಿಷಿನಲ್ಲಿ ಸಾಲು ಸಾಲು ಬರಹ. "ಒಳಗಿರೋದೆಲ್ಲ ಇದೇ. ಇಲ್ಲಿ ದನಿಯನ್ನ ಚೂರು ಚೂರು ಮಾಡುತ್ತೆ. ಈ ಸಾಲಲ್ಲಿ ಒಂದೊಂದು ಚೂರಲ್ಲೂ ಅಲೆ ಎಷ್ಟು ಅಂತ ಲೆಕ್ಕ ಹಾಕುತ್ತೆ. ಎಲ್ಲಿ ತಪ್ಪು ತೋರ್ಸಿ, ತಿದ್ತೀನಿ."

ನಾನೇನು ತೋರಿಸಲಿ? ಆದರೆ ಮೀಟರ್ ಪರೀಕ್ಷೆ ಮಾಡುವುದು ನನಗೆ ಗೊತ್ತು. ಹಾರ್ಮೋನಿಯಂ ತಂದು ಎರಡು ಮನೆ ಒತ್ತಿದೆ. ಸಾಫ್ಟ್‌ವೇರು ಎರಡು ಮನೆ ಅಂತಲೇ ತೋರಿಸಿತು. ಮತ್ತೆ ಎರಡೇ ಅಂತ ಸುಳ್ಳು ಹೇಳಿ ಮೂರು ಒತ್ತಿದೆ, ಮೂರು ಅಂದಿತು. ನನಗೆ ಇನ್ನೂ ಸಮಾಧಾನವಿಲ್ಲ. "ಎದ್ದೇಳು" ಅಂದೆ. ಅವಳ ಫೋನು ತೆಗೆದುಕೊಂಡು ಇಬ್ಬರೂ ಹಾಲಿನ ಡೇರಿಯ ಪಕ್ಕದ ಟ್ರಾನ್ಸ್‌ಫಾರ್ಮರ್ ಹತ್ತಿರ ಹೋದೆವು. ಬೇಲಿಯ ಹೊರಗೆ ನಿಂತು ನಾನು ಫೋನನ್ನು ಅದರ ಕಡೆ ಎತ್ತಿ ಹಿಡಿದೆ.

ಡೇರಿ ಕಟ್ಟೆಯ ಮೇಲೆ ಕೂತಿದ್ದ ವೆಂಕಟ್ ಕೂಗಿದ, "ಏನಣ್ಣಾ, ಟ್ರಾನ್ಸ್‌ಫಾರ್ಮರಿಗೂ ಭಜನೆ ಹೇಳ್ಕೊಡ್ತಿದೀಯಾ?"

"ನಿನಗಿಂತ ಶ್ರುತಿ ಚೆನ್ನಾಗಿದೆ ಇದಕ್ಕೆ, ಮುಚ್ಕೊಂಡು ಕೂತ್ಕೋ" ಅಂದೆ.

ಮನೆಗೆ ಬಂದು ಆ ದನಿಯನ್ನು ಕಂಪ್ಯೂಟರಿಗೆ ಕೊಟ್ಟಳು. ಗೆರೆ ನೂರರ ಮೇಲೆ ನೆಟ್ಟಗೆ ಮಲಗಿತ್ತು, ಅಲುಗಾಡಲಿಲ್ಲ. ಮೀಟರ್ ಸರಿಯಿದೆ. ಹಾಗಾದರೆ ಸರಿಯಿಲ್ಲದ್ದು ಕ್ಯಾಸೆಟ್ಟು.

"ರೆಕಾರ್ಡ್ ಮಾಡೋವಾಗ ಟೇಪು ನಿಧಾನಕ್ಕೆ ಓಡಿದ್ರೆ, ಆಮೇಲೆ ಸರಿಯಾದ ಸ್ಪೀಡಲ್ಲಿ ಹಾಕ್ದಾಗ ಎಲ್ಲಾ ಮೇಲೇರಿ ಕೇಳುತ್ತೆ ಮಾವ. ಗುಂಯ್ ದನೀನೂ ಏರುತ್ತೆ, ಹಾಡೂ ಏರುತ್ತೆ." ಅವಳು ಕೇಳಿದಳು, "ಆವತ್ತು ಟೇಪ್ ರೆಕಾರ್ಡರಿಗೆ ಸೆಲ್ ಹಾಕಿದ್ರಾ? ವೀಕ್ ಇತ್ತಾ?"

ಎದ್ದು ಹಿತ್ತಲಿಗೆ ಹೋಗಿ ನಿಂತೆ.

ಇಪ್ಪತ್ತೆಂಟು ವರ್ಷದಿಂದ ಯಾರಿಗೂ ಹೇಳದ ಮಾತು ಇದು. ಮಂದಿರದಲ್ಲಿ ಇದ್ದದ್ದು ಒಂದೇ ಪ್ಲಗ್ಗು, ಅದು ಮೈಕ್ ಸೆಟ್ಟಿಗೆ ಹೋಯಿತು. ಟೇಪ್ ರೆಕಾರ್ಡರಿಗೆ ಆರು ದೊಡ್ಡ ಸೆಲ್ಲು ಬೇಕಿತ್ತು. ಗುರುಗಳ ದನಿ ಹಿಡಿಯಬೇಕು ಅಂತ ಮುನಿಗಂಗಮ್ಮನವರೇ ಹಿಂದಿನ ದಿನ ಹೊಸ ಸೆಲ್ಲು ತರಿಸಿ ನನ್ನ ಕೈಗೆ ಕೊಟ್ಟಿದ್ದರು. ನನಗೆ ಡ್ಯೂಟಿ ಟಾರ್ಚಿಗೆ ಸೆಲ್ಲು ಬೇಕಿತ್ತು. ಹೊಸದನ್ನು ನಾನಿಟ್ಟುಕೊಂಡೆ. ಟಾರ್ಚಿನ ಹಳೆಯ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸಿದೆ. ಆ ಕಾಲದಲ್ಲಿ ಎಲ್ಲರ ಮನೆಯ ಮಾಳಿಗೆ ಮೇಲೂ ಹಪ್ಪಳದ ಪಕ್ಕ ಸೆಲ್ಲು ಒಣಗುತ್ತಿತ್ತು. ಒಣಗಿಸಿದರೆ ಸ್ವಲ್ಪ ಜೀವ ಬರುತ್ತದೆ, ಅರ್ಧ ಗಂಟೆ ಓಡುತ್ತದೆ, ಆಮೇಲೆ ಮೆಲ್ಲಗೆ ಸಾಯುತ್ತದೆ. ಹಾಡು ಏರಲಿಲ್ಲ. ಭಕ್ತಿಯೂ ಏರಲಿಲ್ಲ. ನಾನು ಹಾಕಿದ ಸೆಲ್ಲು ಇಳಿಯುತ್ತಾ ಹೋಗಿತ್ತು, ಅಷ್ಟೇ. ಆ ಇಳಿದ ಸೆಲ್ಲನ್ನು ಸಂಪ್ರದಾಯ ಅಂತ ಇಡೀ ತಂಡದ ಗಂಟಲಿಗೆ ಕಟ್ಟಿದೆ. ಮುರಳಿಯ ಗಂಟಲು ಹರಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರಲ್ಲ, ಅದನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಆವತ್ತು ನನಗೆ ನಾನೇ ಹೇಳಿಕೊಂಡೆ.

ಒಳಗೆ ಬಂದು ಪದ್ಮಶ್ರೀಗೆ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು. "ಮಾವ, ಗುಂಯ್ ಗೆರೆ ಎಲ್ಲೆಲ್ಲಿ ಎಷ್ಟು ಏರಿದೆಯೋ ಅಲ್ಲಲ್ಲಿ ಅಷ್ಟೇ ಹಾಡನ್ನ ನಿಧಾನ ಮಾಡಿದ್ರೆ, ಗೆರೆ ನೂರರ ಮೇಲೆ ನಿಲ್ಲುತ್ತೆ. ಆಗ ಅವ್ರ ದನಿ ನಿಜವಾಗಿ ಹೆಂಗಿತ್ತೋ ಹಂಗೆ ಬರುತ್ತೆ. ರಂಜಿತ ಮತ್ತೆ ನಾನು ಆಗ್ಲೇ ಮಾಡಿ ಇಟ್ಟಿದೀವಿ. ಕೇಳ್ತೀರಾ?"

"ಬೇಡ" ಅಂದೆ. "ಮೊದ್ಲು ಕೇಳ್ಬೇಕಾದವ್ರು ನಾನಲ್ಲ."

ಮಾರನೆಯ ದಿನ ಸಂಜೆ ಮುರಳಿ ಕೆಲಸದಿಂದ ಬಂದ ಮೇಲೆ ಅವರ ಮನೆಗೆ ಹೋದೆವು. ಮುರಳಿ ಬಾಗಿಲಲ್ಲಿ ನನ್ನನ್ನು ನೋಡಿ "ಬನ್ನಿ ಅಣ್ಣಾ" ಅಂದ, ಮುಖ ಮಾತ್ರ ಬಾ ಅನ್ನಲಿಲ್ಲ. ಮುನಿಗಂಗಮ್ಮ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವರು ಕೊಟ್ಟ ಸೆಲ್ಲು, ನನ್ನ ಟಾರ್ಚು, ಮಾಳಿಗೆ, ನಾಲ್ಕು ಮನೆ. ಹೇಳುವಾಗ ನನ್ನ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ, ಮುನಿಗಂಗಮ್ಮ ಎರಡು ಸಲ "ಆಂ?" ಅಂದರು.

ಪದ್ಮಶ್ರೀ ಲ್ಯಾಪ್‌ಟಾಪನ್ನು ಚಾಪೆಯ ಮೇಲಿಟ್ಟು ಹಾಡು ಹಾಕಿದಳು.

ಏಕತಾರಿ ಮೊದಲು ಬಂತು. ಆಮೇಲೆ ಗುರುಗಳು. ನಿಧಾನವಾದ, ದಪ್ಪನೆಯ, ಎದೆಯ ಒಳಗಿನಿಂದ ಬರುವ ದನಿ. ಅವಸರವೇ ಇಲ್ಲ. ನಾನು ಕ್ಯಾಸೆಟ್ಟನ್ನು ಸಾವಿರ ಸಲ ಕೇಳಿದವನು, ಆ ಮನುಷ್ಯನನ್ನು ಮರೆತೇಬಿಟ್ಟಿದ್ದೆ ಅಂತ ಆಗ ಗೊತ್ತಾಯಿತು.

ಮುನಿಗಂಗಮ್ಮ ಚಾಚಿದ್ದ ಕಾಲನ್ನು ಮಡಚಿಕೊಂಡರು. ಸೆರಗನ್ನು ಎಳೆದು ತಲೆಯ ಮೇಲೆ ಹೊದ್ದುಕೊಂಡರು. ಗಂಡ ಒಳಗೆ ಬಂದಾಗ ಹಳೆಯ ಕಾಲದ ಹೆಂಗಸರು ಮಾಡುತ್ತಿದ್ದರಲ್ಲ, ಹಾಗೆ.

"ಇವ್ರೇ" ಅಂದರು. "ಇವ್ರೇ ಕಣಪ್ಪಾ. ನಾನು ಹೇಳ್ಲಿಲ್ವಾ?"

ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನೂ ಅತ್ತೆ. ಕದಿರೇಶ ಅತ್ತ ಅಂತ ಯಾರು ಬೇಕಾದರೂ ಆಡಿಕೊಳ್ಳಲಿ. ಒಬ್ಬ ಹೆಂಗಸಿಗೆ ಗಂಡನ ದನಿಯೇ ಬೇರೆ ಅನ್ನಿಸುವ ಹಾಗೆ ಮಾಡಿ, ಅವಳಿಗೇ ಅರಳುಮರುಳು ಅಂದುಕೊಂಡವನು ನಾನು.

ಮುರಳಿ ಎದ್ದು ಕೊಟ್ಟಿಗೆಗೆ ಹೋದ. ನಾನು ಹಿಂದೆಯೇ ಹೋದೆ. ಹಸುವಿನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದ.

"ಬೈಯೋದಿದ್ರೆ ಬೈಯಪ್ಪಾ" ಅಂದೆ.

"ಬೈದು ಏನ್ ಮಾಡ್ಲಿ ಅಣ್ಣಾ?" ಅಂದ. "ಅಪ್ಪನ ಹೊಟ್ಟೇಲಿ ಯಾಕಾದ್ರೂ ಹುಟ್ಟಿದ್ನೋ ಅನ್ಸಿತ್ತು. ನಾಲ್ಕು ವರ್ಷ."

"ಧನುರ್ಮಾಸಕ್ಕೆ ಬಾ. ಮುಂದೆ ಕೂತ್ಕೋ. ಕಾಲು ಹಿಡ್ಕೋತೀನಿ ಬೇಕಾದ್ರೆ" ಅಂದೆ.

"ನೋಡೋಣ" ಅಂದ. ಅಷ್ಟೇ.

ಮುಂದಿನ ಒಂದು ವಾರ ನಾನು ಸುಮ್ಮನೆ ಕೂರಲಿಲ್ಲ. ತಂಡದವರನ್ನೆಲ್ಲ ಮಂದಿರದಲ್ಲಿ ಸೇರಿಸಿ ನನ್ನ ತಪ್ಪನ್ನು ಒಪ್ಪಿಕೊಂಡೆ. ಹಲ್ಲಿಲ್ಲದ ಹಳಬರು ಬಿದ್ದು ಬಿದ್ದು ನಕ್ಕರು, ಅದನ್ನೂ ನುಂಗಿಕೊಂಡೆ. ಪದ್ಮಶ್ರೀ ಲೆಕ್ಕ ಹಾಕಿ ಕೊಟ್ಟಿದ್ದಳು: ಗುರುಗಳು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಹಾಡಿದ್ದು ಒಂದೇ ಶ್ರುತಿಯಲ್ಲಿ, ಎರಡು ಮನೆಯಲ್ಲಿ. ನಾನು ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಮಂದಿರದ ಗೋಡೆಗೆ ಅಂಟಿಸಿದೆ. "ಇನ್ಮೇಲೆ ಎರಡು ಮನೆ. ಯಾರಾದ್ರೂ ಆಚೆ ಈಚೆ ಹೋದ್ರೆ ನನ್ನ ಬಾಯಿ ಗೊತ್ತಲ್ಲ!" ಅಂದೆ.

ಧನುರ್ಮಾಸದ ಮೊದಲ ಬೆಳಗು. ಚಳಿಗೆ ಎಲ್ಲರೂ ಮಫ್ಲರ್ ಸುತ್ತಿಕೊಂಡು ಬಂದಿದ್ದರು. ಮುನಿಗಂಗಮ್ಮನವರನ್ನು ಪದ್ಮಶ್ರೀ ಕೈಹಿಡಿದು ಕರೆತಂದು ಕಂಬಕ್ಕೆ ಒರಗಿಸಿ ಕೂರಿಸಿದಳು. ಮುರಳಿ ಬರಲಿಲ್ಲ. ದೀಪ ಹಚ್ಚಿದರು, ಬರಲಿಲ್ಲ. ಪೊಂಗಲ್ ನೈವೇದ್ಯಕ್ಕಿಟ್ಟರು, ಬರಲಿಲ್ಲ. ಮುನಿಗಂಗಮ್ಮ ಬಾಗಿಲನ್ನು ನೋಡುವುದನ್ನು ನೋಡಲಾರದೆ ನಾನು ಹಾರ್ಮೋನಿಯಂ ಒರೆಸುತ್ತಾ ಕೂತೆ. ಆರು ಗಂಟೆಯ ಹೊತ್ತಿಗೆ ಬೈಕಿನ ಸದ್ದಾಯಿತು. ಫ್ಯಾಕ್ಟರಿಯ ಯೂನಿಫಾರ್ಮಿನಲ್ಲೇ ಬಂದಿದ್ದ. ರಾತ್ರಿ ಶಿಫ್ಟು ಮುಗಿಸಿ ನೇರ ಬಂದದ್ದು. ಕಾಲು ತೊಳೆದು, ಅಮ್ಮನ ಕಡೆ ಒಂದು ಸಲ ನೋಡಿ, ಬಂದು ಮುಂದೆ ಕೂತ.

ನನಗಾದ ಸಂತೋಷ ಅಷ್ಟಿಷ್ಟಲ್ಲ. ತಿದಿ ಎಳೆದು ಎರಡು ಮನೆ ಒತ್ತಿದೆ. "ನಿಮ್ಮಪ್ಪನ ಶ್ರುತಿ ಕಣಪ್ಪಾ. ಹಾಡು" ಅಂದೆ.

ಮುರಳಿ ಕಣ್ಣು ಮುಚ್ಚಿ ಶುರುಮಾಡಿದ. ಮೊದಲ ಸಾಲು ಬಂತು. ಎರಡನೆಯ ಸಾಲಿನಲ್ಲಿ ಹಾಡು ಮೇಲಕ್ಕೆ ಏರುವ ಕಡೆ ದನಿ ಗೀರಿಕೊಂಡಿತು. ಮತ್ತೆ ಮೊದಲಿಂದ ಶುರುಮಾಡಿದ. ಅಲ್ಲೇ ಮತ್ತೆ ಒಡೆಯಿತು. ಹಿಂದೆ ಯಾರೋ ಕೆಮ್ಮಿದರು. ಮುನಿಗಂಗಮ್ಮನವರ ತುಟಿ ಅಲುಗಾಡುತ್ತಿತ್ತು. ನನ್ನ ನಾಲಿಗೆ ತುದಿಗೆ ಬಂದೇಬಿಟ್ಟಿತ್ತು, ಎರಡು ಮನೆಯೂ ಆಗಲ್ವೇನೋ, ನಿಮ್ಮಪ್ಪ ಹಾಡಿದ್ದು ಇದರಲ್ಲೇ ಕಣೋ ಅಂತ. ಹಲ್ಲು ಕಚ್ಚಿ ತಡೆದೆ.

ಮುರಳಿ ಹಾಡು ನಿಲ್ಲಿಸಿ ನನ್ನನ್ನು ನೋಡಿದ.

"ಅಣ್ಣಾ, ನಾಲ್ಕು ಮನೆ ಅಂದ್ರಿ, ಅದು ಅಪ್ಪಂದಲ್ಲ. ಈಗ ಎರಡು ಅಂತೀರಿ, ಅದು ಅಪ್ಪಂದು. ನನ್ನದು ಎಷ್ಟು ಅಂತ ಯಾವತ್ತಾದ್ರೂ ಕೇಳಿದೀರಾ?"

ಅವನ ಮಾತಿನಲ್ಲಿ ಕೋಪವಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ನೋವಾಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಹುಡುಗನ ಪಕ್ಕ ಕೂತು ಹಾರ್ಮೋನಿಯಂ ನುಡಿಸಿದೆ. ಕೇಳಿರಲಿಲ್ಲ.

"ಇಲ್ಲ" ಅಂದೆ. "ಈಗ ಕೇಳ್ತೀನಿ. ನಿಂದು ಎಷ್ಟಪ್ಪಾ?"

ಮುರಳಿ ಮೆಲ್ಲಗೆ ಹೇಳಿದ, "ನಂಗೇ ಗೊತ್ತಿಲ್ಲ ಅಣ್ಣಾ."

ನಾನು ಒಂದೂವರೆ ಒತ್ತಿದೆ. ಅವನು ಆ ಅಂದು ನೋಡಿ ತಲೆಯಾಡಿಸಿದ. ಒಂದು ಒತ್ತಿದೆ. ಅದೂ ಬೇಡ ಅಂದ. ಇನ್ನೂ ಕೆಳಗೆ ಹೋದೆ, ನಾನು ಯಾವತ್ತೂ ಶ್ರುತಿ ಹಿಡಿಯದ ಮನೆಗಳ ಕಡೆಗೆ. ತಂಡದವರು ತಾಳ ಕೆಳಗಿಟ್ಟು ಕಾದರು. ಹೊರಗೆ ಬೆಳಕು ಹರಿಯುತ್ತಿತ್ತು. ಒಂದು ಪಟ್ಟಿಯ ಮೇಲೆ ಬೆರಳಿಟ್ಟಾಗ ಅವನು ಕೈ ಎತ್ತಿ "ಇರ್ಲಿ, ಇಲ್ಲೇ ಇರ್ಲಿ" ಅಂದ. ನಾನು ಬೆರಳು ತೆಗೆಯಲಿಲ್ಲ. ಅವನು ಹಾಡಿದ.